ಪಾರ್ಕಿನ್ಸನ್ ಕಾಯಿಲೆ: ಮಿದುಳಿನ ಶಸ್ತ್ರಚಿಕಿತ್ಸೆಯಿಂದ ಮರೆವು ಹೋಗುವುದೇ?

ಕೈನಡುಕ, ಮೈಬಿಗಿತ, ನಿಧಾನ ನಡಿಗೆ ಇವು ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಲಕ್ಷಣಗಳು. ಆಯುರ್ವೇದದಲ್ಲಿ ಇದಕ್ಕೆ ಕಂಪವಾತ ಎನ್ನುವರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುವುದು ಇದಕ್ಕೆ ಕಾರಣ. ಕಾಯಿಲೆ ಹಳೆಯದಾದಂತೆ ಅನೇಕರಲ್ಲಿ ಮರೆವು, ಗಮನ ಕುಂದುವುದು, ಇಲ್ಲದ ಮನುಷ್ಯರು ಕಂಡಂತಾಗುವುದು ಸಹ ಉಂಟು. ಇದು ರೋಗದ ಭಾಗ. ರೋಗಿಯ ಹಟವಲ್ಲ, ಗಾಳಿ ಸೋಕಿದ್ದೂ ಅಲ್ಲ.

ಡಿ.ಬಿ.ಎಸ್. ಎಂದರೇನು?
ಮಿದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸಿ, ಎದೆಯ ಮೇಲ್ಭಾಗದ ಚರ್ಮದಡಿ ಇಟ್ಟ ಬ್ಯಾಟರಿಯಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸುವ ಚಿಕಿತ್ಸೆ. 1987ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಡಾ. ಬೆನಬಿಡ್ ಇದಕ್ಕೆ ಹೊಸ ದಾರಿ ತೋರಿದರು. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಯಾರಿಗೆ ಉಪಯೋಗ?
ಲೆವೊಡೋಪಾ ಮಾತ್ರೆಯಿಂದ ಗುಣ ಕಂಡರೂ ಅದರ ಪರಿಣಾಮ ಹೆಚ್ಚು ಹೊತ್ತು ನಿಲ್ಲದವರಿಗೆ. ನಡುಕ, ಬಿಗಿತ ಕಡಿಮೆಯಾಗುತ್ತವೆ. ಆದರೆ ಕಾಯಿಲೆ ಬೇರುಸಹಿತ ಹೋಗುವುದಿಲ್ಲ.

ಮರೆವಿಗೆ ಉಪಯೋಗವಿದೆಯೇ?
ಇಲ್ಲ. ಬದಲಿಗೆ ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಬೇಕಾದ ಪದ ಬೇಗ ನಾಲಿಗೆಗೆ ಬಾರದಿರಬಹುದು. ಮೊದಲೇ ಬುದ್ಧಿಶಕ್ತಿ ತೀರಾ ಕುಂದಿದ್ದರೆ ಗೊಂದಲ ಹೆಚ್ಚಬಹುದು. ಆದ್ದರಿಂದ ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಈ ಚಿಕಿತ್ಸೆ ಬೇಡವೆನ್ನುತ್ತಾರೆ. ಮರೆವಿಗೆಂದೇ ಮಿದುಳಿನ ಬೇರೊಂದು ಭಾಗಕ್ಕೆ ವಿದ್ಯುತ್ ಕೊಟ್ಟು ಲಂಡನ್ನಿನಲ್ಲಿ 6 ರೋಗಿಗಳ ಮೇಲೆ ಪ್ರಯೋಗ ನಡೆಯಿತು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ನೆನಪಿನ ಶಕ್ತಿ ಸುಧಾರಿಸಿರಲಿಲ್ಲ. ತಲೆಯ ಮೇಲಿನಿಂದಲೇ ಕಾಂತ ಅಥವಾ ವಿದ್ಯುತ್ ಹಾಯಿಸುವ ವಿಧಾನಗಳು ಮರೆವಿನ ಮಟ್ಟಿಗೆ ಇನ್ನೂ ಸಂಶೋಧನೆಯ ಹಂತದಲ್ಲಿವೆ.

ಮನೆಯವರು ಗಮನಿಸಬೇಕಾದದ್ದು
1. ಶಸ್ತ್ರಚಿಕಿತ್ಸೆಗೆ ಮುನ್ನ ನೆನಪಿನ ಪರೀಕ್ಷೆ ಕಡ್ಡಾಯವಾಗಿ ಮಾಡಿಸಿ. 2004ರಲ್ಲಿ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯಲ್ಲಿ ಓದುಬರಹ ಬಾರದವರಿಗೂ ಪ್ರತ್ಯೇಕ ಅಳತೆಗಳಿವೆ.
2. ರೋಗಿಯ ಮರೆವು, ಭ್ರಮೆಗಳನ್ನು ವೈದ್ಯರಿಂದ ಮುಚ್ಚಿಡಬೇಡಿ.
3. ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ ಇರಬಹುದು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೂ ವೃದ್ಧರಲ್ಲಿ ಮರೆವು ತರಬಲ್ಲದು. ಬೇಗ ವೈದ್ಯರನ್ನು ಕಾಣಿರಿ.
4. ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬೇಡಿ. ಲೆವೊಡೋಪಾ ದಿಢೀರನೆ ನಿಲ್ಲಿಸಿದರೆ ಪ್ರಾಣಾಪಾಯವುಂಟು.
5. ಮರೆವಿಗೆ ರಿವಾಸ್ಟಿಗ್ಮಿನ್ ಎಂಬ ಔಷಧಿಯಿದೆ. ಕೆಲವರಿಗೆ ತಕ್ಕಮಟ್ಟಿಗೆ ಗುಣ ಕೊಡುತ್ತದೆ.
6. ಡಿ.ಬಿ.ಎಸ್. ಆದವರು ಎಂ.ಆರ್.ಐ. ಅಥವಾ ಬೇರೆ ಯಾವುದೇ ಚಿಕಿತ್ಸೆಗೆ ಮುನ್ನ ಆ ವಿಷಯ ತಪ್ಪದೇ ತಿಳಿಸಬೇಕು. ಡಯಾಥರ್ಮಿ ಶಾಖ ಚಿಕಿತ್ಸೆ ಕೂಡದು.

ಈ ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಖರ್ಚು. ಹೊಲ, ಒಡವೆ ಮಾರುವ ಮೊದಲು ವೈದ್ಯರಲ್ಲಿ ಒಂದು ಮಾತು ಕೇಳಿ: “ನಮ್ಮವರಿಗೆ ತೊಂದರೆ ಕೊಡುತ್ತಿರುವುದು ನಡುಕವೋ, ಮರೆವೋ?” ನಡುಕವಾದರೆ ಡಿ.ಬಿ.ಎಸ್. ಬಗ್ಗೆ ಯೋಚಿಸಬಹುದು. ಮರೆವಾದರೆ ಔಷಧಿ, ದಿನವೂ ಒಂದೇ ವೇಳಾಪಟ್ಟಿ, ವ್ಯಾಯಾಮ, ರಾತ್ರಿ ಮಂದ ಬೆಳಕು, ಸಮಾಧಾನದ ಮಾತು ಇವೇ ಆಸರೆ. ರೋಗಿಯ ಆರೈಕೆಯೂ ದಾಸೋಹವೇ. ಅದನ್ನು ಒಬ್ಬರ ಹೆಗಲಿಗೇ ಬಿಡದೆ ಮನೆಮಂದಿಯೆಲ್ಲ ಸರದಿಯಂತೆ ಹಂಚಿಕೊಳ್ಳಿ.