ರಸೀದಿ ಕೇಳಿದ ನಾಲ್ವರು

ಮಾರ್ಚ್ 29 ಬಂತೆಂದರೆ ಕಯ್ಯೂರಿನಲ್ಲಿ ಕೆಂಬಾವುಟ ಏರುತ್ತದೆ. ಮಂಗಳೂರಿಗೆ ಮಾತ್ರ ಅದು ಎಲ್ಲ ದಿನದ ಹಾಗೇ ಒಂದು ದಿನ. ಅಂಗಡಿಯ ಬಾಗಿಲು ತೆರೆಯುತ್ತದೆ, ಕಾಸರಗೋಡು ಬಸ್ಸು ತುಂಬುತ್ತದೆ, ಹೋಗುತ್ತದೆ.

'ಕಯ್ಯೂರು ಕೇರಳದ್ದಲ್ವಾ ಮಾರಾಯ್ರೇ, ಇಲ್ಲಿಯವರಿಗೇನು?' ಎನ್ನಬಹುದು. ಇದೆ, ಸಂಬಂಧ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ತನಕ ಆ ಊರು ದಕ್ಷಿಣ ಕನ್ನಡ ಜಿಲ್ಲೆಯದ್ದೇ. ಅಲ್ಲಿನ ನಾಲ್ವರಿಗೆ ನೇಣಿನ ತೀರ್ಪು ಬಿದ್ದದ್ದೂ ಇದೇ ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ.

ಯಾರು ಆ ನಾಲ್ವರು? ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್. ಮಂತ್ರಿಗಳಲ್ಲ, ಶಾಸಕರಲ್ಲ. ರೈತ ಸಂಘದ, ಕಮ್ಯುನಿಸ್ಟ್ ಪಕ್ಷದ ತಳಮಟ್ಟದ ಆಳುಗಳು. ಸಭೆಗೆ ಜನ ಕೂಡಿಸುವವರು, ಬಾವುಟ ಹಿಡಿದು ಮುಂದೆ ನಡೆಯುವವರು.

ಅವರ ಸಂಘ ಕೇಳಿದ್ದಾದರೂ ಏನು? ಗೇಣಿ ಅಳೆದರೆ ರಸೀದಿ ಕೊಡಿ. ಕಳ್ಳ ಅಳತೆ ಬೇಡ. ಗೇಣಿಯ ಮೇಲೆ ವಾಶಿ, ನುರಿ ಎಂದು ಹೆಚ್ಚುವರಿ ವಸೂಲಿ ನಿಲ್ಲಿಸಿ. ಇಷ್ಟೇ! ರಸೀದಿ ಇಲ್ಲದ ಒಕ್ಕಲು ಕೊಟ್ಟದ್ದನ್ನು ಹೇಗೆ ತೋರಿಸಬೇಕು? 'ಬಾಕಿ ಇದೆ' ಎಂದರೆ ಬಾಕಿ, 'ಎದ್ದು ಹೋಗು' ಎಂದರೆ ಹೋಗಬೇಕು. ಕೊಟ್ಟ ಹಣಕ್ಕೆ ಚೀಟಿಯ ಬೆಲೆ ಏನೆಂದು ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1941ರ ಮಾರ್ಚ್ 28. ಪೊಲೀಸರ ದೌರ್ಜನ್ಯ ಖಂಡಿಸಿ ರೈತರ ಮೆರವಣಿಗೆ ಹೊರಟಿತ್ತು. ದಾರಿಯಲ್ಲಿ ಸಿಕ್ಕಿದ ಕಾನ್‌ಸ್ಟೇಬಲ್ ಸುಬ್ಬರಾಯನ ಕೈಗೇ ಬಾವುಟ ಕೊಟ್ಟು ನಡೆಸಿದರು. ಆತ ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ. ದಂಡೆಯಿಂದ ಕಲ್ಲು ಬಿದ್ದವು. ಸುಬ್ಬರಾಯ ದಡ ಸೇರಲಿಲ್ಲ. ಸಂಬಳಕ್ಕೆ ದುಡಿಯುವ ಒಬ್ಬ ಪೇದೆಯ ಜೀವವೂ ಜೀವವೇ. ನಾಲ್ವರನ್ನು ನೆನೆಯುವವರು ಅದನ್ನು ಮರೆಮಾಚಬೇಕಾಗಿಲ್ಲ.

ಆದರೆ ಅಷ್ಟು ದೊಡ್ಡ ಗುಂಪಿನಲ್ಲಿ ಕಲ್ಲು ಯಾರದು ಎಂದು ತೂಗಿ ನೋಡಿದವರು ಯಾರು? ಅರವತ್ತರಷ್ಟು ಮಂದಿಯ ಮೇಲೆ ಕೇಸು ಬಿತ್ತು. ಐವರಿಗೆ ಗಲ್ಲು. ಅವರಲ್ಲಿ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಹುಡುಗ. ವಯಸ್ಸು ನೋಡಿ ಅವನ ಕುತ್ತಿಗೆ ಉಳಿಸಿದರು. ಮದ್ರಾಸ್ ಹೈಕೋರ್ಟಿಗೆ ಹೋದರೂ ಉಳಿದ ನಾಲ್ವರ ತೀರ್ಪು ಬದಲಾಗಲಿಲ್ಲ. ಇದೇ ಕೇಸಿನ ಆರೋಪಿಯಾಗಿ ತಲೆತಪ್ಪಿಸಿಕೊಂಡಿದ್ದ ಇ.ಕೆ. ನಾಯನಾರ್ 1980ರಲ್ಲಿ ಕೇರಳದ ಮುಖ್ಯಮಂತ್ರಿಯಾದರು. ಒಬ್ಬರಿಗೆ ಕುರ್ಚಿ, ನಾಲ್ವರಿಗೆ ಹಗ್ಗ!

ಇನ್ನೊಂದು ವಿಚಿತ್ರ ನೋಡಿ. 1942ರಲ್ಲಿ ಸರಕಾರವೇ ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧ ತೆಗೆಯಿತು. ಪಕ್ಷ ಹೊರಗೆ ಬಂತು, ಅದರ ಮಕ್ಕಳು ಒಳಗೇ ಉಳಿದರು. ಪಕ್ಷದ ಮುಖ್ಯ ಕಾರ್ಯದರ್ಶಿ ಪಿ.ಸಿ. ಜೋಷಿ ಕಣ್ಣೂರು ಜೈಲಿಗೆ ಹೋಗಿ ಅವರನ್ನು ಕಂಡು ಬಂದರು. 1943ರ ಮಾರ್ಚ್ 29ರಂದು ಅಲ್ಲೇ ನಾಲ್ವರನ್ನೂ ನೇಣಿಗೇರಿಸಲಾಯಿತು. ಹಿಂದೂಗಳು ಮೂವರು, ಮುಸ್ಲಿಮನೊಬ್ಬ. ಮೆರವಣಿಗೆಯಲ್ಲಿ ಜೊತೆ, ಸಾವಿನಲ್ಲೂ ಜೊತೆ.

ಕನ್ನಡ ಅವರನ್ನು ಮರೆಯಲಿಲ್ಲ ಎನ್ನುವುದೊಂದು ಸಮಾಧಾನ. ನೀಲೇಶ್ವರದಲ್ಲಿ ಓದಿದ ನಿರಂಜನರು 1955ರಲ್ಲಿ 'ಚಿರಸ್ಮರಣೆ' ಕಾದಂಬರಿ ಕೊಟ್ಟರು. ಮಲಯಾಳದ ಆ ಊರಿನ ಕಥೆ ಕನ್ನಡದ ಮನೆಮನೆಗೆ ಬಂದದ್ದು ಹಾಗೆ.

ಅವರ ಬೇಡಿಕೆ? ಅದು ಸಾಯಲಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ, 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿಯೇ ರದ್ದು. ತಲಪಾಡಿಯ ಆಚೆಗೂ ಈಚೆಗೂ ಉಳುವವನ ಹೆಸರು ಪಹಣಿಗೆ ಏರಿತು. ರಸೀದಿ ಕೇಳಿ ಮೂವತ್ತು ವರ್ಷದ ಮೇಲೆ ಭೂಮಿಯೇ ಬಂತು. ಕೇಳಿದ ನಾಲ್ವರು ಮಾತ್ರ ಇರಲಿಲ್ಲ.

ಇವತ್ತೂ ಎಲ್ಲ ಪಾರ್ಟಿಗಳಲ್ಲೂ ಇಂಥ ಆಳುಗಳಿದ್ದಾರೆ. ರಾತ್ರಿ ಪೋಸ್ಟರ್ ಅಂಟಿಸುವವರು, ಕುರ್ಚಿ ಜೋಡಿಸಿ ತಾವು ಹಿಂದೆ ನಿಲ್ಲುವವರು. ಟಿಕೆಟ್ ಹಂಚುವಾಗ ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಪಾರ್ಟಿ ನಿಂತಿರುವುದು ಮಾತ್ರ ಅವರ ಹೆಗಲ ಮೇಲೆ.

ಬಸ್ಸಿನಲ್ಲಿ ಕಂಡಕ್ಟರ್ ಹರಿದು ಕೊಡುವ ತುಂಡು ಚೀಟಿಯನ್ನು ಕಿಸೆಗೆ ತುರುಕುವಾಗ ಒಮ್ಮೆ ನೆನೆದರೆ ಸಾಕು: ಇಂಥದೊಂದು ಚೀಟಿ ಕೇಳಿದವರು ಅಂದಿನ ಇದೇ ಜಿಲ್ಲೆಯಿಂದ ನೇಣಿನ ತನಕ ನಡೆದು ಹೋಗಿದ್ದಾರೆ.