ಅಶೋಕನ ಶಾಸನಗಳಲ್ಲಿ ‘ಮಿಸಾ’ ಶಬ್ದದ ಅರ್ಥವಿಚಾರ

ಶಾಕ್ಯಮುನಿಯು ವಾರಾಣಸಿಯ ಸಮೀಪದ ಮೃಗದಾವದಲ್ಲಿ ಧರ್ಮಚಕ್ರವನ್ನು ಪ್ರವರ್ತಿಸಿ, ದುಃಖ, ದುಃಖಸಮುದಯ, ದುಃಖನಿರೋಧ, ನಿರೋಧಮಾರ್ಗ ಎಂಬ ನಾಲ್ಕು ಆರ್ಯಸತ್ಯಗಳನ್ನು ಉಪದೇಶಿಸಿದನೆಂಬುದು ಪ್ರಸಿದ್ಧವಾದ ವಿಷಯ. ಮಗಧ ಕೋಸಲಗಳಲ್ಲಿ ಬೇರೂರಿದ ಈ ಧರ್ಮವು ಕ್ರಿ. ಪೂ. 3ನೆಯ ಶತಮಾನದಲ್ಲಿ ಮೌರ್ಯಚಕ್ರವರ್ತಿಯಾದ ಅಶೋಕನ ಆಶ್ರಯವನ್ನು ಪಡೆದು ದೂರದೇಶಗಳಿಗೆ ಹಬ್ಬಿತು. ಆದರೆ ಅದು ಹಬ್ಬಿದ ಬಗೆ ಎಂತಹುದು? ಜನರು ಪೂಜಿಸುತ್ತಿದ್ದ ದೇವತೆಗಳನ್ನು ಮಿಥ್ಯೆಯೆಂದು ಸಾರಿ ಹಬ್ಬಿತೇ, ಅಥವಾ ಅವರೊಡನೆ ವಿರೋಧವಿಲ್ಲದೆ ನೆಲೆಗೊಂಡಿತೇ? ಒಂದು ಕಾಲದಲ್ಲಿ ಈ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ಒಂದು ಪ್ರಾಕೃತಶಬ್ದದ ಅರ್ಥವನ್ನು ಅವಲಂಬಿಸಿದ್ದಿತು. ಆ ಅರ್ಥವನ್ನು ನಿರ್ಣಯಿಸಲು ಮುಖ್ಯವಾದ ಸಾಧನಗಳು ದೊರೆತುದು ಕನ್ನಡನಾಡಿನ ಬಂಡೆಗಳಲ್ಲಿ.

ಅಶೋಕನ ಲಘುಶಿಲಾಶಾಸನದಲ್ಲಿ, ತಾನು ಎರಡೂವರೆ ವರ್ಷಗಳಿಗೂ ಮೇಲ್ಪಟ್ಟು ಉಪಾಸಕನಾಗಿದ್ದರೂ ಮೊದಲು ಹೆಚ್ಚಿನ ಪರಾಕ್ರಮವನ್ನು ತೋರಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಒಂದು ವರ್ಷಕ್ಕೂ ಅಧಿಕವಾಗಿ ತೀವ್ರವಾಗಿ ಉದ್ಯೋಗಿಸಿದನೆಂದೂ ಅರಸನು ಹೇಳಿಕೊಂಡಿರುತ್ತಾನೆ. ಅದರ ಫಲವನ್ನು ಹೇಳುವಲ್ಲಿ, ಜಂಬೂದ್ವೀಪದಲ್ಲಿ ಅದುವರೆಗೆ ‘ಅಮಿಸಾ’ ಆಗಿದ್ದ ದೇವತೆಗಳು ಈಗ ‘ಮಿಸಾ’ ಮಾಡಲ್ಪಟ್ಟರೆಂದು ಮಧ್ಯಪ್ರದೇಶದ ರೂಪನಾಥದ ಪಾಠವು ತಿಳಿಸುತ್ತದೆ. ಇದನ್ನು ‘ಅಮೃಷಾ’, ‘ಮೃಷಾ’ ಎಂದು ಸಂಸ್ಕೃತೀಕರಿಸಿದವರು, ಸತ್ಯವೆಂದು ಎಣಿಸಲ್ಪಟ್ಟಿದ್ದ ದೇವತೆಗಳನ್ನು ಅಶೋಕನು ಸುಳ್ಳಾಗಿಸಿದನೆಂದು ಅರ್ಥಮಾಡಿದರು. ಹರಪ್ರಸಾದ ಶಾಸ್ತ್ರಿಗಳು ಇದರಲ್ಲಿ ಭೂದೇವರಾದ ಬ್ರಾಹ್ಮಣರ ಅವಹೇಳನವನ್ನೇ ಕಂಡರು. ಹೀಗೆ ಅಶೋಕನು ದೇವಬ್ರಾಹ್ಮಣದ್ವೇಷಿಯೆಂಬ ಅಭಿಪ್ರಾಯವು ಹುಟ್ಟಿತು.

ಈ ಅರ್ಥಕ್ಕೆ ಮೊದಲನೆಯ ಬಾಧಕವು ಅಶೋಕನ ಭಾಷೆಯೇ. ಭಾಬ್ರು ಶಾಸನದಲ್ಲಿ ‘ಮೃಷಾವಾದ’ ಶಬ್ದಕ್ಕೆ ಪ್ರತಿಯಾಗಿ ‘ಮುಸಾವಾದ’ ಎಂಬ ರೂಪವಿರುತ್ತದೆ, ಪಾಲಿಯಲ್ಲಿಯೂ ಹಾಗೆಯೇ. ಆದುದರಿಂದ ‘ಮೃಷಾ’ ಎಂಬುದು ‘ಮುಸಾ’ ಎಂದಾಗಬೇಕಲ್ಲದೆ ‘ಮಿಸಾ’ ಎಂದಾಗದು. ‘ಮಿಶ್ರ’ ಶಬ್ದವಾದರೋ ‘ಮಿಸ’ ಎಂದಾಗುವುದು ಸಹಜವೇ ಸರಿ.

ಎರಡನೆಯದು ಬ್ರಹ್ಮಗಿರಿಯ ಪಾಠ. ಚಿತ್ರದುರ್ಗ ಜಿಲ್ಲೆಯ ಈ ಶಾಸನವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಇಲ್ಲಿ ಕರ್ತೃಪದವು ದೇವತೆಗಳಲ್ಲ, ಮನುಷ್ಯರು. ದೇವಶಬ್ದವು ‘ದೇವೇಹಿ’ ಎಂದು ತೃತೀಯಾವಿಭಕ್ತಿಯಲ್ಲಿದೆ. ಗುಡಮಿಶ್ರ ಮೊದಲಾದ ಪ್ರಯೋಗಗಳಲ್ಲಿರುವಂತೆ ಮಿಶ್ರಶಬ್ದವು ತೃತೀಯೆಯನ್ನು ಅಪೇಕ್ಷಿಸುತ್ತದೆ. ದೇವತೆಗಳೊಡನೆ ಬೆರೆಯದಿದ್ದ ಮನುಷ್ಯರು ಬೆರೆತರೆಂದರೆ ವಾಕ್ಯವು ಸರಳವಾಗಿ ಅನ್ವಯಿಸುತ್ತದೆ.

ಮೂರನೆಯದು ರಾಯಚೂರು ಜಿಲ್ಲೆಯ ಮಸ್ಕಿಯ ಪಾಠ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರರಿಗೆ ದೊರೆತ ಈ ಶಾಸನವು ದೇವಾನಾಂಪ್ರಿಯನನ್ನು ‘ಅಶೋಕ’ನೆಂದು ಹೆಸರಿಸಿದ ಕಾರಣದಿಂದ ಪ್ರಖ್ಯಾತವಾಯಿತು, ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತಿರುತ್ತದೆ. ಮಸ್ಕಿಯಲ್ಲಿ ಕೆಲವು ಅಕ್ಷರಗಳು ನಷ್ಟವಾಗಿದ್ದರೂ ‘ಮಿಸಿಭೂತಾ’ ಎಂಬ ರೂಪವು ಉಳಿದಿದೆ. ಇದು ‘ಮಿಶ್ರೀಭೂತಾಃ’ ಎಂಬ ಚ್ವಿಪ್ರತ್ಯಯಾಂತ ರೂಪ. ಮೊದಲು ಹಾಗಿಲ್ಲದುದು ಹಾಗಾಯಿತೆಂಬ ಅಭೂತತದ್ಭಾವವೇ ಅದರ ಅರ್ಥ. ‘ಮೃಷಾ’ ಎಂಬುದಾದರೋ ಅವ್ಯಯ. ಅವ್ಯಯಗಳಿಗೆ ಚ್ವಿ ಪರವಾದಾಗ ಈಕಾರವು ಬರುವುದಿಲ್ಲವೆಂದು ವೈಯಾಕರಣರ ಮತ. ಹೀಗಿರುವಲ್ಲಿ ‘ಮೃಷಾಭೂತ’ ಎಂದಾಗಬಹುದೇ ಹೊರತು ‘ಮೃಷೀಭೂತ’ ಎಂದಾಗಲಾರದು. ಇದರಿಂದ ಮಿಥ್ಯಾವಾದವು ನಿರ್ಮೂಲವಾಗುತ್ತದೆ.

ದೇವತೆಗಳೊಡನೆ ಬೆರೆಯುವುದೆಂದರೇನೆಂಬುದನ್ನು ಶಾಸನದ ಮುಂದಿನ ಭಾಗವೇ ಸೂಚಿಸುತ್ತದೆ. ಈ ಫಲವು ಮಹಾತ್ಮರಿಗೆ ಮಾತ್ರ ಮೀಸಲಲ್ಲ, ಉದ್ಯೋಗಶೀಲನಾದರೆ ಕ್ಷುದ್ರನೂ ವಿಪುಲವಾದ ಸ್ವರ್ಗವನ್ನು ಪಡೆಯಬಹುದು ಎಂದು ಅಲ್ಲಿ ಹೇಳಿದೆ. ಧರ್ಮಾಚರಣೆಯಿಂದ ಮನುಷ್ಯರು ದೇವತೆಗಳ ಸಾಮೀಪ್ಯಕ್ಕೆ ಅರ್ಹರಾಗುವರೆಂಬ ಭಾವವು ಇದಕ್ಕೆ ಒಪ್ಪುತ್ತದೆ. ತನ್ನನ್ನು ದೇವತೆಗಳಿಗೆ ಪ್ರಿಯನೆಂದು ಕರೆದುಕೊಂಡು, ಬ್ರಾಹ್ಮಣಶ್ರಮಣರಿಬ್ಬರಿಗೂ ದಾನವನ್ನು ವಿಧಿಸಿ, 12ನೆಯ ಶಿಲಾಶಾಸನದಲ್ಲಿ ಸರ್ವಪಾಷಂಡಗಳ ಸಾರವೃದ್ಧಿಯನ್ನು ಬಯಸಿದ ಅರಸನಿಗೆ ಬೇರೆ ಅರ್ಥವು ಹೊಂದುವುದೂ ಇಲ್ಲ.

ಇಸಿಲದ ಮಹಾಮಾತ್ರರಿಗೆ ಸುವರ್ಣಗಿರಿಯಿಂದ ಬಂದ ಬ್ರಹ್ಮಗಿರಿಯ ಶಾಸನಗಳಲ್ಲಿ ಆರ್ಯಸತ್ಯಗಳಾಗಲಿ ನಿರ್ವಾಣವಾಗಲಿ ಉಕ್ತವಾಗಿಲ್ಲ. ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಶಿಷ್ಯರು ಆಚಾರ್ಯರಲ್ಲಿ ತೋರಬೇಕಾದ ಗೌರವ ಇವೇ ಅಲ್ಲಿಯ ಉಪದೇಶ. ಇದು ಪುರಾತನವಾದ ಪದ್ಧತಿಯೆಂದೂ ಅಲ್ಲಿಯೇ ಹೇಳಿದೆ. ಭಿಕ್ಷುಗಳಿಗೆ ನಿರ್ವಾಣಮಾರ್ಗವಾದ ಧರ್ಮವು ಗೃಹಸ್ಥರಿಗೆ ಸದಾಚಾರವಾಗಿ ಈ ನಾಡನ್ನು ಪ್ರವೇಶಿಸಿತೆಂದು ಇದರಿಂದ ತಿಳಿಯುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, 1095ರಷ್ಟು ಈಚೆಗೂ, ಡಂಬಳದ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವು ಶಾಸನೋಕ್ತವಾಗಿದೆ. ಸಾವಿರದ ಮುನ್ನೂರು ವರ್ಷಗಳಿಗೂ ಮಿಕ್ಕಿ ಇಲ್ಲಿ ಉಳಿದ ಧರ್ಮದ ಮೊದಲ ಮಾತು ದೇವತಾನಿಂದೆಯಾಗಿರಲಿಲ್ಲವೆಂಬುದು ‘ಮಿಸಾ’ ಶಬ್ದದ ನಿರ್ಣಯದಿಂದ ಸಿದ್ಧಿಸುತ್ತದೆ.