ಸಿದ್ದಿ ಬಾಂಧವರು: ಪಟ್ಟಿಯಲ್ಲಿ ಹೆಸರು, ಕಾಡಿನಲ್ಲಿ ಭೂಮಿ

ಘಟ್ಟದ ಮೇಲಿನ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವವರಿಗೆ ಸಿದ್ದಿಗಳು ಹೊಸಬರಲ್ಲ. ಆದರೆ ಕರಾವಳಿಯ ನಮ್ಮಲ್ಲಿ ಅನೇಕರು ಅವರನ್ನು ಕಂಡಿರುವುದು ಡಮಾಮಿ ಕುಣಿತದ ಫೋಟೊಗಳಲ್ಲಿ ಮಾತ್ರ. ಅವರ ಗುಂಗುರು ಕೂದಲು, ಕಪ್ಪು ಬಣ್ಣ ನೋಡಿ ಯಾವ ದೇಶದವರೆಂದು ಕೇಳುವವರು ಇಂದಿಗೂ ಇದ್ದಾರೆ. ಹಾಗೆ ಕೇಳಿಸಿಕೊಳ್ಳುವವರ ಮನೆಮಾತು ಕೊಂಕಣಿ ಇಲ್ಲವೇ ಕನ್ನಡ!

ಆಫ್ರಿಕದಿಂದ ಗುಲಾಮರಾಗಿ ಬಂದವರ ವಂಶಸ್ಥರು ಇವರು. ಇವರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರೆಂದು ಇತಿಹಾಸಕಾರರು ಹೇಳುತ್ತಾರೆ. ಅವರನ್ನು ಕೊಂಡು ಮಾರಿದವರಲ್ಲಿ ಕ್ರೈಸ್ತರೂ ಇದ್ದರೆಂಬುದನ್ನು ನಾವು ಮರೆಮಾಚುವಂತಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಕಾಡು ಸವರಿ ಗದ್ದೆ ಮಾಡಿಕೊಂಡರೂ ಕೈಯಲ್ಲಿ ಕಾಗದಪತ್ರ ಇರಲಿಲ್ಲ. ಎಷ್ಟೋ ಕುಟುಂಬಗಳು ಸಾಲಕ್ಕೆ ಸಿಕ್ಕಿ ಭೂಮಾಲಿಕರ ಮನೆಯಲ್ಲಿ ಜೀತಕ್ಕೆ ನಿಂತವು.

1984ರಲ್ಲಿ ಹುಟ್ಟಿಕೊಂಡ ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಒಟ್ಟಿಗೆ ಕುಳಿತರು. ಇದು ಸಣ್ಣ ಸಂಗತಿಯಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ 2003ರಲ್ಲಿ ಈಡೇರಿತು, ಅದೂ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಗಡಿಯಾಚೆ ಕಲಘಟಗಿ, ಖಾನಾಪುರ ಕಡೆಯ ಸಿದ್ದಿಗಳು ಹೊರಗುಳಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೂ ಆ ಸ್ಥಾನ ದೊರೆತದ್ದು 2020ರಲ್ಲಿ.

ಪಟ್ಟಿಯಲ್ಲಿ ಹೆಸರಿದ್ದರೆ ಆಗುವುದೇನು? ಶಾಲೆ, ವಿದ್ಯಾರ್ಥಿವೇತನ, ಉದ್ಯೋಗದ ಮೀಸಲಾತಿ ಎಲ್ಲರಿಗೂ ಗೊತ್ತು. ಭೂಮಿಯ ವಿಷಯ ಅಷ್ಟು ಗೊತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಕಾಡಿನಲ್ಲಿ ಬದುಕುವ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ಸಾಗುವಳಿ ಮಾಡುತ್ತಿದ್ದರೆ ಸಾಕು, ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಇತರರಾದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ವಾಸವಿದ್ದುದನ್ನು ತೋರಿಸಬೇಕು. ಓದುಬರಹವೇ ಇಲ್ಲದಿದ್ದ ಅಜ್ಜ ಯಾವ ಕಾಗದ ಬಿಟ್ಟುಹೋಗಿರುತ್ತಾನೆ? 2020ಕ್ಕೆ ಮೊದಲು ಗಡಿಯಾಚೆಯ ಸಿದ್ದಿಗಳ ಮುಂದಿದ್ದ ಗೋಡೆ ಇದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕಾಗಿದೆ. ಜ್ಞಾನಸ್ನಾನ ಪಡೆದವರಿಗೆ ಪ್ರಮಾಣಪತ್ರ ಸಿಗದು ಎಂದು ಕೆಲವರು ಹೇಳುವುದುಂಟು. ಅದು ಪರಿಶಿಷ್ಟ ಜಾತಿಯ ನಿಯಮ. 1950ರ ಆದೇಶ ಆ ಸ್ಥಾನವನ್ನು ಮೊದಲು ಹಿಂದೂಗಳಿಗೆ ಮಾತ್ರ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರ ಅಳಲು ಹಾಗೆಯೇ ಉಳಿದಿದೆ. ಪರಿಶಿಷ್ಟ ಪಂಗಡಕ್ಕಾದರೋ ಧರ್ಮದ ಅಡ್ಡಿಯಿಲ್ಲ. ಕ್ರೈಸ್ತ ಸಿದ್ದಿಯೂ ಮುಸ್ಲಿಂ ಸಿದ್ದಿಯೂ ಹಿಂದೂ ಸಿದ್ದಿಯಷ್ಟೇ ಹಕ್ಕುದಾರರು.

ಸಿದ್ದಿ ಮಹಿಳೆಯರು ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿದು ಹೊರ ಊರುಗಳಿಗೆ ಮಾರುತ್ತಿದ್ದಾರೆ. ಕ್ರೈಸ್ತರ ಕೌದಿಗಳಲ್ಲಿ ಶಿಲುಬೆಯೂ ಕಾಣುತ್ತದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು ಸಮುದಾಯಕ್ಕೆ ದೊರೆತ ಮೊದಲ ಶಾಸಕ ಸ್ಥಾನ.

ಭೂಮಿಯ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಅಲ್ಲಿ ಸರಕಾರಿ ದಾಖಲೆಯೊಂದೇ ಸಾಕ್ಷ್ಯವಲ್ಲ. ಹಳೆಯ ಬಾವಿ, ಸಮಾಧಿ ಸ್ಥಳ, ಕಟ್ಟಿದ ಒಡ್ಡು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಇವೂ ನಡೆಯುತ್ತವೆ. ಒಂದಕ್ಕಿಂತ ಹೆಚ್ಚು ಇರಬೇಕು. ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಘಟ್ಟದ ಮೇಲಿನ ಉಪದೇಶಿಗಳು, ಧರ್ಮಭಗಿನಿಯರು ಮನೆ ಭೇಟಿಗೆ ಹೋಗುವಾಗ ಒಂದು ನೋಟುಪುಸ್ತಕವನ್ನೂ ಒಯ್ಯಲಿ. ಆ ಅಜ್ಜ ಅಜ್ಜಿಯರಿಗೆ ವಯಸ್ಸಾಗುತ್ತಿದೆ.